ಅಣ್ಣೇಗೌಡರ ಹಂಸದ ದೋಣಿ

ಕೊಬ್ಬರಿ ಕೊಳ್ಳುವವರು ಕಾಯಿಯನ್ನು ಸುಲಿಸುವ ಮೊದಲು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸುತ್ತಾರೆ. ಒಳಗೆ ಗಟ್ಟಿ ಸದ್ದು ಬಂದರೆ ಸರಕು ಕೂತಿದೆ ಎಂದು ಲೆಕ್ಕ. ಹೊಳೆನರಸೀಪುರದ ಅಣ್ಣೇಗೌಡರಲ್ಲಿ ಸದ್ದಿಗೇನೂ ಕೊರತೆ ಇರಲಿಲ್ಲ. ಅಲ್ಲಾಡಿಸುವ ಶ್ರಮವನ್ನೂ ಅವರು ಯಾರಿಗೂ ಕೊಡುತ್ತಿರಲಿಲ್ಲ. ಬೀದಿಯ ಆ ತುದಿಯಲ್ಲಿ ಅವರು ಕೆಮ್ಮಿದರೆ ಈ ತುದಿಯ ಅಂಗಡಿಯವರು ಗಲ್ಲಾ ಮುಂದೆ ನೆಟ್ಟಗೆ ಕೂರುತ್ತಿದ್ದರು. ಇನ್ನು ಹೊರಗಿನ ಮಾಲು: ಎತ್ತರದ ಆಳು, ಇಸ್ತ್ರಿ ಮುರಿಯದ ಬಿಳಿ ಅಂಗಿ, ಬೆಲ್ಟಿನ ಮೇಲೆ ನೆಮ್ಮದಿಯಾಗಿ ಕೂತ ಹೊಟ್ಟೆ, ಎಣ್ಣೆ ಹಚ್ಚಿ ತುದಿ ತಿರುವಿ ಬಣ್ಣ ಹಾಕಿದ ಮೀಸೆ. ಒಟ್ಟಾಗಿ ಖರೀದಿಗೆ ಬಂದರೆ ಮೀಸೆಗೊಂದು ರೇಟು, ಗಂಟಲಿಗೊಂದು ರೇಟು ಕಟ್ಟಿ, ಉಳಿದದ್ದನ್ನು ಗೋಣಿಚೀಲದ ತೂಕದ ಹಾಗೆ ವಜಾ ಮಾಡಬಹುದಿತ್ತು. ಪೇಟೆ ಬೀದಿಯ ಅಂಗಡಿಯವರಾದ ನಾವೆಲ್ಲ ಹಾಗೇ ಮಾಡಿದ್ದೆವು.

ಅವರು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಅರಕಲಗೂಡು, ರಾಮನಾಥಪುರ, ಚನ್ನರಾಯಪಟ್ಟಣ ಎಂದು ಅವರು ಕೂಗಿದ ಊರುಗಳ ಮಣ್ಣನ್ನೆಲ್ಲ ಅವರೇ ಮೆಟ್ಟಿ ಬಂದಿದ್ದಾರೆಂದು ಜನ ನಂಬಿದ್ದರು. ನಿಜ ಏನೆಂದರೆ, ಲೋಕವನ್ನೆಲ್ಲ ಬಸ್ಸು ಹತ್ತಿಸಿದ ಗೌಡರು ತಾವೇ ಹತ್ತಿದರೆ ಎರಡನೇ ಸ್ಟಾಪು ಬರುವ ಹೊತ್ತಿಗೆ ಕಿಟಕಿಯಿಂದಾಚೆ ತಲೆ ಹಾಕುತ್ತಿದ್ದರು. ಆಗ ಅದನ್ನು ಬಲ್ಲವರು ಇಬ್ಬರೇ. ಒಬ್ಬರು ಹೆಂಡತಿ ಪುಟ್ಟತಾಯಮ್ಮ. ಇನ್ನೊಬ್ಬ ಆಕೆಯ ತಮ್ಮ ರುದ್ರೇಶ.

ಈ ರುದ್ರೇಶ ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟ ಇಟ್ಟುಕೊಂಡವನು. ತೋಟದ ಮೂಲೆಯಲ್ಲಿ ಕೃಷಿ ಹೊಂಡ ತೋಡಿಸಿ ಮೀನು ಬಿಟ್ಟಿದ್ದ. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ, ಊರೆಲ್ಲ ಮಾಂಸದಂಗಡಿ ಮುಂದೆ ನೂಕಾಡುವ ಹೊತ್ತಿನಲ್ಲಿ, ಅವನು ಹೊಂಡದ ಮೀನನ್ನು ತಂದು ಅಕ್ಕನ ಮನೆಯಲ್ಲಿ ಸುರಿಯುತ್ತಿದ್ದ. ತಿನ್ನುವವರೆಲ್ಲ ಅವನನ್ನೇ ಹೊಗಳುತ್ತಿದ್ದರು. ಒಂದು ವರ್ಷ ಅಷ್ಟಕ್ಕೇ ಬಿಡದೆ ಎಲೆ ಮುಂದೆ ಕೂತು ಹೇಳಿದ:

"ಭಾವ, ಮುಳ್ಳು ನೋಡ್ಕಂಡು ತಿನ್ನಿ. ನಿಮ್ಗೆ ಸೀಟಿ ಊದೋದೊಂದು ಬಿಟ್ರೆ ಇನ್ಯಾವ ಕೆಲ್ಸಾನೂ ಅಭ್ಯಾಸ ಇಲ್ಲ."

ಪಂಕ್ತಿ ಪೂರ್ತಿ ನಕ್ಕಿತು. ಪುಟ್ಟತಾಯಮ್ಮನೂ ಸೆರಗು ಬಾಯಿಗಿಟ್ಟುಕೊಂಡರು. ಅಣ್ಣೇಗೌಡರು ಉಳಿದವರ ನಗುವನ್ನೆಲ್ಲ ಸಹಿಸಿದರು, ಆ ಸೆರಗನ್ನು ಸಹಿಸಲಿಲ್ಲ.

"ಕೇಳ್ಲಾ ರುದ್ರೇಶ," ಎಂದು ಎದ್ದು ನಿಂತರು. "ಬರೋ ಹೊಸತೊಡಕಿಗೆ ನನ್ನ ಸ್ವಂತ ದೋಣೀಲಿ ಕೂತು, ನನ್ನ ಕೈಯಾರೆ ಗಾಳ ಹಾಕಿ ಹಿಡಿದ ಮೀನ ನಿನ್ನ ಎಲೆಗೆ ಬಡಿಸ್ತೀನಿ. ಬಡಿಸ್ದೆ ಹೋದ್ರೆ ಈ ಮೀಸೆ ಬೋಳಿಸಿ ನಿನ್ನ ಅಂಗೈಲಿ ಇಕ್ತೀನಿ ಕಣ್ಲಾ."

"ಆಗ್ಲಿ ಭಾವ. ಕಾಗ್ದ ನಾನೇ ತತ್ತೀನಿ, ಸುತ್ಕಂಡು ಓಗಕ್ಕೆ."

ಸ್ವಂತ ದೋಣಿ ಎಂದು ಬಾಯಿಂದ ಬಂದದ್ದು ಹೇಗೆಂದು ಅಣ್ಣೇಗೌಡರಿಗೆ ಆಮೇಲೆ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಬರೀ ಮೀನು ಎಂದಿದ್ದರೆ ಕೆರೆ ದಂಡೆಯ ಮೇಲೆ ಕೂತೇ ಮುಗಿಸಬಹುದಿತ್ತು. ಆದರೆ ಸಿಟ್ಟಿನಲ್ಲಿ ಆಡುವ ಮಾತು ಸಂತೆಯಲ್ಲಿ ಕೂಗುವ ಬೆಲೆಯ ಹಾಗೆ. ಕೂಗಿದ ಮೇಲೆ ಅದು ಕೂಗಿದವನದಲ್ಲ.

ದೋಣಿಯನ್ನು ಅವರು ಪತ್ತೆ ಹಚ್ಚಿದ್ದು ಹಾಸನದಾಚೆ, ಸಾಲಗಾಮೆ ಕಡೆಯಲ್ಲಿ. ಬಾಗಿಲು ಹಾಕಿದ ಮಕ್ಕಳ ಪಾರ್ಕೊಂದರ ಮಾಲೀಕ ಉಳಿದ ಸಾಮಾನು ಮಾರುತ್ತಿದ್ದ. ಕೊಳದ ಪಕ್ಕ ಎರಡು ದೋಣಿ ಮಗುಚಿ ಬಿದ್ದಿದ್ದವು. ಒಂದು, ಸಾದಾ ಫೈಬರ್ ದೋಣಿ, ಹುಟ್ಟು ಹಾಕುವಂಥದ್ದು. ಇನ್ನೊಂದು, ಪಕ್ಕಪಕ್ಕ ಇಬ್ಬರು ಕೂತು ಸೈಕಲ್ಲಿನ ಹಾಗೆ ತುಳಿಯುವಂಥದ್ದು; ಮುಂದುಗಡೆ ಆಳೆತ್ತರದ ಬಿಳಿ ಕತ್ತು, ಕೆಂಪು ಕೊಕ್ಕು, ರೆಪ್ಪೆಗೂದಲು ಬರೆದ ಕಣ್ಣು. ಹಂಸ.

ಗೌಡರಿಗೆ ಬೇಕಿದ್ದದ್ದು ಸಾದಾ ದೋಣಿಯೇ. ಆದರೆ ಅವರು ಸಾಮಾನು ಕೊಳ್ಳುವ ಗಿರಾಕಿಯಲ್ಲ, ರಿಯಾಯಿತಿ ಕೊಳ್ಳುವ ಗಿರಾಕಿ. ಒಂದು ಬಕೆಟ್ಟು ತಗೊಳ್ಳುವಾಗಲೂ ಹಿಡಿ ಸರಿಯಿದೆಯೇ ಎಂದು ನೋಡರು, ಎಷ್ಟು ಬಿಟ್ಟ ಎಂದು ನೋಡುವರು. ಮಾಲೀಕ ಹೇಳಿದ ಬೆಲೆಗೆ ಇವರು ಅರ್ಧ ಕೇಳಿದರು. ಅವನು ಸ್ವಲ್ಪ ಇಳಿದ. ಇವರು ಗೇಟಿನ ತನಕ ನಡೆದು ಹೋದರು. ಅವನು ಕರೆದ. ಇವರು ಬಂದರು. ಮಧ್ಯಾಹ್ನದ ಊಟದ ಹೊತ್ತಿಗೆ ಇಬ್ಬರ ಗಂಟಲೂ ಒಣಗಿ, ಮಾಲೀಕ ಕೈಮುಗಿದು ಹೇಳಿದ: "ನೀವು ಹೇಳೋ ರೇಟಿಗೆ ಆ ದೋಣಿ ಕಟ್ಟಲ್ಲ ಸಾ. ಅಷ್ಟಕ್ಕೇ ಬೇಕಂದ್ರೆ ಈ ಹಂಸ ತಗೊಂಡೋಗಿ. ಇಬ್ರು ಕೂತ್ಕಬೋದು, ಮೇಲೆ ನೆರಳಿಗೆ ಚಾವಣಿನೂ ಐತೆ."

ಗೆದ್ದೆ ಎಂದುಕೊಂಡರು ಗೌಡರು. ಟೆಂಪೋದಲ್ಲಿ ಹಗ್ಗ ಬಿಗಿಸಿ ಹಂಸವನ್ನು ಹೊಳೆನರಸೀಪುರಕ್ಕೆ ತಂದಾಗ ಪೇಟೆ ಬೀದಿಯ ವ್ಯಾಪಾರ ಸ್ವಲ್ಪ ಹೊತ್ತು ನಿಂತುಹೋಯಿತು. ಟೆಂಪೋದ ಮುಂದೆ ನಡೆಯುತ್ತ ಗೌಡರು ತಮ್ಮ ಹಳೇ ಸೀಟಿ ಊದಿ ದಾರಿ ಬಿಡಿಸುತ್ತಿದ್ದರು. ಹಿಂದೆ ಹಂಸ, ಕೊಕ್ಕು ಎತ್ತಿಕೊಂಡು, ಕರೆಂಟು ತಂತಿಗಳನ್ನು ಒಂದೊಂದಾಗಿ ತಪ್ಪಿಸಿಕೊಂಡು ಬಂತು.

ಪುಟ್ಟತಾಯಮ್ಮ ಗೇಟು ತೆಗೆದು ನೋಡಿದರು. "ಮೀನು ಹಿಡಿಯೋ ದೋಣಿ ತತ್ತೀನಿ ಅಂದ್ರಲ್ಲ, ಇದೇನ್ರೀ ಮದುವೆ ಮಂಟಪಕ್ಕೆ ಇಕ್ಕೋದ ತಂದಿದೀರಿ?"

"ಬೆಲೆ ಕೇಳೇ ಮೊದ್ಲು."

"ಬೆಲೆ ಆಮ್ಯಾಕೆ. ಆಷಾಢ ಇದು. ಆಷಾಢದಲ್ಲಿ ಹೊಸಾದ ನೀರಿಗಿಳಿಸ್ತಾರಾ ಯಾರಾದ್ರೂ?"

ಇಳಿಸುವುದಿಲ್ಲ. ದೋಣಿ ಅಂಗಳದಲ್ಲಿ, ಸಂಪಿನ ಪಕ್ಕ ಕೂತಿತು. ಆಷಾಢ ಕಳೆಯಿತು, ಶ್ರಾವಣ ಬಂತು. ಆ ಮನೆಯಲ್ಲಿ ಶ್ರಾವಣ ಇಡೀ ತಿಂಗಳು ಮೊಟ್ಟೆಯ ಹೆಸರೂ ಎತ್ತುವಂತಿಲ್ಲ, ಇನ್ನು ಮೀನು ಹಿಡಿಯುವುದೆಲ್ಲಿ. ಗೌರಿ ಗಣೇಶ ಮುಗಿಯಿತೆನ್ನುವಾಗ ಪಿತೃಪಕ್ಷ. ಹೊಸ ಕೆಲಸಕ್ಕೆ ಆಗದು. ಗೌಡರ ಸ್ವಂತ ಊರು ಅರಕಲಗೂಡು ರಸ್ತೆಯಲ್ಲಿ. ಅಲ್ಲಿನ ಕೆರೆ ಆ ತಿಂಗಳುಗಳಲ್ಲೇ ತುಂಬಿ ಕೋಡಿ ಬಿದ್ದು, ಮೀನುಗಳು ದಂಡೆಗೆ ಬಂದು ಆಡಿ, ಮತ್ತೆ ನೀರು ಇಳಿಯುವುದಕ್ಕೂ ಶುರುವಾಗಿತ್ತು. ಪಂಚಾಂಗ ಬರೆದವನು ಮೀನಿನ ಕಡೆಯವನೇ ಇರಬೇಕೆಂದು ಗೌಡರಿಗೆ ಗುಮಾನಿ ಬಂತು.

ಕೈ ಕಟ್ಟಿ ಕೂರುವ ಜಾಯಮಾನವಲ್ಲ ಅವರದು. ದಿನಾ ಬೆಳಿಗ್ಗೆ ಹಂಸದೊಳಗೆ ಕೂತು, ಪೆಡಲ್ಲು ತುಳಿಯುತ್ತ, ಅಂಗಳದಲ್ಲೇ ಗಾಳ ಬೀಸುವುದನ್ನು ಅಭ್ಯಾಸ ಮಾಡಿದರು. ಮೊದಲು ಬಿದ್ದದ್ದು ನುಗ್ಗೆಮರದ ಕೊಂಬೆ. ಆಮೇಲೆ ಒಣಗಲು ಹಾಕಿದ್ದ ಪುಟ್ಟತಾಯಮ್ಮನ ಸೀರೆ. ಅದು ಹರಿದ ಸದ್ದು ಕೇಳಿ ಪಕ್ಕದ ಮನೆಯ ಕಮಲಾಕ್ಷಮ್ಮ ಕಾಂಪೌಂಡಿನ ಮೇಲಿಂದ ಇಣುಕಿದರು. ಹೈಸ್ಕೂಲು ಟೀಚರಾಗಿ ನಿವೃತ್ತರಾದ ಹೆಂಗಸು. ತಪ್ಪು ಕಂಡರೆ ಕೆಂಪು ಇಂಕಿನ ನೆನಪಾಗುವಂಥವರು.

"ಅಣ್ಣೇಗೌಡರೇ, ಎಷ್ಟು ತೂಕ ಬಂತು?"

"ಕಾಟನ್ ಸೀರೆ ಮೇಡಂ, ತೂಕ ಇರಲ್ಲ," ಎಂದರು ಪುಟ್ಟತಾಯಮ್ಮ ಒಳಗಿನಿಂದ.

ಇಲ್ಲಿಯ ತನಕ ಆದದ್ದಕ್ಕೆಲ್ಲ ಪಂಚಾಂಗವನ್ನು ದೂರಬಹುದು. ಮುಂದಿನದನ್ನು ಗೌಡರು ತಾವೇ ಕೈಯಾರೆ ಮಾಡಿಕೊಂಡರು.

ಆಯುಧಪೂಜೆ ಬಂತು. ಬಸ್ ಸ್ಟ್ಯಾಂಡಿನಲ್ಲಿದ್ದಾಗ ಪ್ರತಿ ವರ್ಷ ಸಾಲಾಗಿ ನಿಂತ ಬಸ್ಸುಗಳಿಗೆ ಬಾಳೆಕಂದು ಕಟ್ಟಿಸಿ, ಮುಂದೆ ನಿಂತು ಕುಂಬಳಕಾಯಿ ಒಡೆಸುತ್ತಿದ್ದವರು ಅವರೇ. ಈಗ ಮನೆಯಲ್ಲೇ ಒಂದು ವಾಹನವಿದೆ, ಸುಮ್ಮನಿದ್ದಾರೆಯೇ? ಹಂಸವನ್ನು ತೊಳೆಸಿದರು. ಕತ್ತಿಗೆ ಸೇವಂತಿಗೆ ಹಾರ ಹಾಕಿದರು. ಹಣೆಗೆ ಅರಿಶಿನ, ಕುಂಕುಮ, ಮೂರು ಬೆರಳಿನ ವಿಭೂತಿ. ಬುಡದಲ್ಲಿ ನಿಂಬೆಹಣ್ಣು. ಅಲಂಕಾರ ಮುಗಿಸಿ ಹಿಂದೆ ಸರಿದು ನೋಡಿದಾಗ ಅವರಿಗೇ ಕೈ ಮುಗಿಯಬೇಕೆನ್ನಿಸಿತು. ಅಷ್ಟರಲ್ಲಿ ಕಮಲಾಕ್ಷಮ್ಮ ಒಂದು ಕಂತೆ ಪುಸ್ತಕ ತಂದು ಹಂಸದ ಸೀಟಿನ ಮೇಲಿಟ್ಟು, ಕಣ್ಣು ಮುಚ್ಚಿ ಶ್ಲೋಕ ಹೇಳತೊಡಗಿದರು.

"ಮೇಡಂ, ಇದು ಮೀನು..." ಎಂದು ಗೌಡರು ಬಾಯಿ ತೆರೆದರು.

"ಹಂಸ ಯಾರ ವಾಹನ ಹೇಳಿ ಗೌಡರೇ?"

ಗೌಡರು ತರಗತಿಯಲ್ಲಿ ಎದ್ದು ನಿಂತವರ ಹಾಗೆ ಹೇಳಿದರು: "ಸರಸ್ವತಿದು."

"ಮತ್ತೆ?"

ಆ ಒಂದು 'ಮತ್ತೆ'ಯಲ್ಲಿ ದೋಣಿ ಅವರ ಕೈತಪ್ಪಿತು. ದಸರಾ ರಜೆಯ ನಂತರದ ಪರೀಕ್ಷೆಯಲ್ಲಿ ಕಮಲಾಕ್ಷಮ್ಮನ ಮೊಮ್ಮಗಳು ಗಣಿತ ಪಾಸಾದಳು. ಆ ಹುಡುಗಿ ಬೆಳಿಗ್ಗೆ ಸಂಜೆ ಎರಡು ಕಡೆ ಟ್ಯೂಷನ್ನಿಗೆ ಹೋಗಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹಂಸಕ್ಕೆ ಪ್ರದಕ್ಷಿಣೆ ಹಾಕಿದ್ದನ್ನು ಇಡೀ ಬಡಾವಣೆ ಹಿಡಿಯಿತು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಮಕ್ಕಳ ತಾಯಂದಿರು ಪೆನ್ನು, ಜಾಮಿಟ್ರಿ ಬಾಕ್ಸು, ಬಾಳೆಹಣ್ಣು ಹಿಡಿದು ಗೇಟಿನ ಮುಂದೆ ನಿಲ್ಲತೊಡಗಿದರು. ನುಗ್ಗೇಹಳ್ಳಿಯಿಂದ ಒಬ್ಬಾಕೆ ಎರಡು ಬಸ್ಸು ಬದಲಾಯಿಸಿಕೊಂಡು ಬಂದಿದ್ದಳು. ಅವರ ಊರಲ್ಲೇ ಹೊಯ್ಸಳರು ಕೆತ್ತಿದ ದೇವರಿದ್ದಾನೆ. ಆದರೆ ಕಲ್ಲಿನ ದೇವರಿಗಿಂತ ಫೈಬರಿನ ದೇವರು ಬೇಗ ಫಲ ಕೊಡುತ್ತದೆಂದು ಯಾರೋ ಹೇಳಿದ್ದರು.

ಗೌಡರಿಗೆ ಇದರಿಂದ ಸಂಕಟವಾಯಿತೆಂದು ಹೇಳಿದರೆ ಅರ್ಧ ಸುಳ್ಳು. ಜನ ಸೇರಿದರು, ಸಾಲು ನಿಂತರು. ಸಾಲು ಕಂಡರೆ ಅವರ ರಕ್ತ ಬಿಸಿಯಾಗುತ್ತಿತ್ತು. ಇಸ್ತ್ರಿ ಅಂಗಿ ಹಾಕಿ, ಸೀಟಿ ಬಾಯಿಗಿಟ್ಟು ನಿಂತೇಬಿಟ್ಟರು. "ಒಬ್ಬೊಬ್ರೇ ಬನ್ನಿ! ಪಿಯುಸಿಯವರು ಎಡಕ್ಕೆ! ಏಯ್, ನೂಕ್ಬೇಡ್ರಮ್ಮ, ದೇವ್ರು ಎಲ್ಲೂ ಓಗಕಿಲ್ಲ!" ನಿವೃತ್ತಿಯಾದ ಮೇಲೆ ಇಷ್ಟು ಜನ ಅವರ ಮಾತು ಕೇಳಿರಲಿಲ್ಲ. ಆದರೆ ರಾತ್ರಿ ಹಾಸಿಗೆಯಲ್ಲಿ ಮೀಸೆ ನೀವಿಕೊಂಡಾಗ ಕೈ ಅಲ್ಲೇ ನಿಲ್ಲುತ್ತಿತ್ತು. ಹೊಸತೊಡಕು ಹತ್ತಿರ ಬರುತ್ತಿದೆ. ದೋಣಿ ಇನ್ನೂ ಒಂದು ಹನಿ ನೀರು ಕಂಡಿಲ್ಲ.

ಒಂದು ಸಂಜೆ ಸಾಲು ಕರಗಿದ ಮೇಲೆ ಹೆಂಡತಿಗೆ ಹೇಳಿದರು. "ಪುಟ್ಟತಾಯಿ, ನಾಳಿದ್ದು ದೋಣಿ ಕೆರೆಗೆ ಓಗ್ಬೇಕು."

"ಸರಸ್ವತಿ ಮೇಲೆ ಕೂತು ಮೀನು ಕುಯ್ತೀರಾ? ನಾಳೆ ಯಾವುದಾದ್ರೂ ಮಗು ಫೇಲಾದ್ರೆ ಅವರವ್ವ ಬಂದು ನಿಮ್ಮ ಕೊಳಪಟ್ಟಿ ಹಿಡ್ಕತಾಳೆ."

"ಹಂಗಂದ್ರೆ ಮೀಸೆ?"

"ಮೀಸೆ ಬೆಳೀತದೆ ಕಣ್ರೀ. ಮಕ್ಕಳ ವರ್ಷ ಬೆಳೆಯಲ್ಲ."

ಗೌಡರು ಟಾರ್ಚು ಹಿಡಿದು ಹಂಸದ ಸುತ್ತ ತಿರುಗಿ ನೋಡಿದರು. ಕತ್ತು ಬೇರೆ, ಒಡಲು ಬೇರೆ. ನಾಲ್ಕು ಬೋಲ್ಟು ಹಾಕಿ ಕೂಡಿಸಿದ್ದು. ಬೋಲ್ಟು ಬಿಚ್ಚಿದರೆ ಕತ್ತನ್ನು ತುಳಸಿಕಟ್ಟೆಯ ಪಕ್ಕ ನಿಲ್ಲಿಸಬಹುದು. ಜನ ಕೈ ಮುಗಿಯುವುದು ಮುಖಕ್ಕೆ ತಾನೇ, ಕೂರುವ ಜಾಗಕ್ಕಲ್ಲವಲ್ಲ. ದೇವರು ಮನೆಯಲ್ಲಿರಲಿ, ದೋಣಿ ಕೆರೆಯಲ್ಲಿರಲಿ. ಕಮಲಾಕ್ಷಮ್ಮನೂ ಯೋಚಿಸಿ, ಇದಕ್ಕೆ ಪೂರ್ತಿ ಅಂಕ ಕೊಡಲಾಗದು, ಆದರೆ ಪಾಸು ಮಾಡಬಹುದು ಎಂದರು.

ಬೋಲ್ಟು ಹೋದ ಜಾಗದಲ್ಲಿ ಉಳಿದ ತೂತುಗಳಿಗೆ ಗೌಡರು ಹಳೇ ಬನಿಯನ್ನು ಹರಿದು ತುರುಕಿ, ಮೇಲೆ ಮೇಣ ಮೆತ್ತಿದರು. ಅಂಗಡಿಯಲ್ಲಿ ಅದಕ್ಕೆಂದೇ ಅಂಟು ಸಿಗುತ್ತದೆ. ರಿಯಾಯಿತಿ ಸಿಗದ ಕಾರಣ ಅದನ್ನು ಅವರು ಕೊಳ್ಳಲಿಲ್ಲ.

ಒಡಲು ಟೆಂಪೋದಲ್ಲಿ ಕೆರೆ ದಂಡೆ ಸೇರಿದ ಮೇಲೆ, ಯುಗಾದಿ ಸಂಜೆ ರುದ್ರೇಶ ಬಂದ. ಅಂಗಳದಲ್ಲಿ ಬರೀ ಕತ್ತು ನಿಂತಿರುವುದನ್ನು ನೋಡಿ, ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿ, "ಭಾವ, ಉಳಿದದ್ದ ನೀವೇ ತಿಂದ್ಬುಟ್ರಾ?" ಎಂದ. ಅವನ ಕಾರಿನ ಡಿಕ್ಕಿಯಲ್ಲಿ ಐಸು ತುಂಬಿದ ಡಬ್ಬಿಯಲ್ಲಿ ಹೊಂಡದ ಮೀನು ಇತ್ತು. ಹಬ್ಬದ ದಿನ ಒಳಗೆ ತರುವಂತಿಲ್ಲವೆಂದು ಅಲ್ಲೇ ಬಿಟ್ಟಿದ್ದ. "ಬೇಕಾಗಲ್ಲ ಬಿಡಿ, ಸುಮ್ನೆ ತಂದೆ" ಎಂದು ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ.

ಹೊಸತೊಡಕಿನ ಬೆಳಿಗ್ಗೆ ಗೌಡರ ಸ್ವಂತ ಊರಿನ ಕೆರೆ ಏರಿಯ ಮೇಲೆ ಜಾತ್ರೆಯಷ್ಟಲ್ಲದಿದ್ದರೂ ಸಂತೆಯಷ್ಟು ಜನ. ಪೇಟೆ ಬೀದಿಯಿಂದಲೂ ಕೆಲವರು ಅಂಗಡಿ ಅರ್ಧ ಬಾಗಿಲು ಹಾಕಿ ಹೋಗಿದ್ದೆವು. ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದ ಬೀರಲಿಂಗಯ್ಯ ಬೀಡಿ ಹಚ್ಚಿ ಕಲ್ಲಿನ ಮೇಲೆ ಕೂತಿದ್ದ. ತನ್ನ ಕೆರೆಯಲ್ಲಿ ಗಾಳ ಹಾಕಲು ಗೌಡರು ಅನುಮತಿ ಕೇಳಿದಾಗ ಅವನು ಉದಾರವಾಗಿ ಒಪ್ಪಿದ್ದ: "ಹಾಕ್ಕಳಿ ಗೌಡ್ರೇ. ನಿಮ್ಮ ಗಾಳಕ್ಕೆ ಬೀಳೋ ಮೀನು ಎಂಗೂ ನನ್ನ ಬಲೇಗೆ ಬೀಳಕಿಲ್ಲ. ಅಂಥಾ ದಡ್ಡ ಮೀನು ನಂಗೆ ಬ್ಯಾಡ."

ರುದ್ರೇಶ ತಾನೂ ದೋಣಿಯಲ್ಲಿ ಕೂರುತ್ತೇನೆಂದ. ಸಾಕ್ಷಿ ಬೇಕಲ್ಲ. ಭಾವ ಭಾಮೈದ ಇಬ್ಬರೂ ಪಕ್ಕಪಕ್ಕ ಹೊಟ್ಟೆ ತೂರಿಸಿ ಕೂತು ತುಳಿದರು. ಕತ್ತಿಲ್ಲದ ಹಂಸ ಮೆಲ್ಲಗೆ ನೀರಿಗಿಳಿಯಿತು. ಅಚ್ಚರಿಯೆಂದರೆ, ತೇಲಿತು. ಏರಿಯ ಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಗೌಡರಿಗೆ ಹೊಟ್ಟೆ ತೊಳಸಲೂ ಇಲ್ಲ. ಬಸ್ಸಿನಲ್ಲಿ ಬರುವ ಆ ಹಾಳು ಸಂಕಟ ನೀರಿನ ಮೇಲೆ ಬರಲಿಲ್ಲ. ಬೆಳಗಿನ ಗಾಳಿ, ಸುತ್ತ ನೀರು, ಕೂಗುವ ಊರಿನ ಹೆಸರು ಒಂದೂ ಇಲ್ಲ. ಸ್ವಲ್ಪ ಹೊತ್ತು ಅವರು ಯಾಕೆ ಬಂದದ್ದೆಂಬುದನ್ನೇ ಮರೆತು ಸುಮ್ಮನೆ ತುಳಿದರು.

"ಭಾವ, ಮೀನು."

"ಹೂಂ ಕಣ್ಲಾ."

ಗಾಳಕ್ಕೆ ಸಿಕ್ಕಿಸಲು ಅವರು ತಂದಿದ್ದದ್ದು ಹಿಂದಿನ ದಿನದ ಒಬ್ಬಟ್ಟಿನ ಹೂರಣ. ಉಂಡೆ ಮಾಡಿ ಕೊಕ್ಕೆಗೆ ಮೆತ್ತಿ ಬೀಸಿದರು. ಬೆಂಡು ನೀರಿನ ಮೇಲೆ ಕೂತಿತು. ಅಲ್ಲಾಡಿತು. ಎಳೆದರೆ ಬರೀ ಕೊಕ್ಕೆ. ಮತ್ತೆ ಮೆತ್ತಿದರು, ಮತ್ತೆ ಬರೀ ಕೊಕ್ಕೆ. ಆ ಕೆರೆಯ ಮೀನುಗಳಿಗೆ ಅಂಥ ಯುಗಾದಿ ಹಿಂದೆಂದೂ ಆಗಿರಲಿಕ್ಕಿಲ್ಲ.

"ಭಾವ, ಹಬ್ಬದೂಟ ಬಡಿಸ್ತಾ ಇದೀರಾ, ಇಲ್ಲಾ ಹಿಡೀತಾ ಇದೀರಾ?" ಎಂದ ರುದ್ರೇಶ. ಆಮೇಲೆ ಕಾಲು ಎತ್ತಿದ. "ಭಾವ, ನನ್ನ ಪಾದ ನೆಂದೈತೆ."

ಬನಿಯನ್ನು ಮೇಣ ಸಮೇತ ಹೊರಟುಹೋಗಿತ್ತು. ನಾಲ್ಕು ತೂತಿನಿಂದ ನಾಲ್ಕು ನಲ್ಲಿ ಬಿಟ್ಟ ಹಾಗೆ ನೀರು ಬರುತ್ತಿತ್ತು. ತುಳಿದಷ್ಟೂ ಮೂತಿ ತಗ್ಗಿ ಇನ್ನಷ್ಟು ನುಗ್ಗಿತು. ಈಜು ಇಬ್ಬರಿಗೂ ಬಾರದು. ಗೌಡರು ಬೇರೇನೂ ತೋಚದೆ ಸೀಟಿ ತೆಗೆದು ಊದತೊಡಗಿದರು. ರುದ್ರೇಶ ಅವರ ಕೊರಳು ತಬ್ಬಿಕೊಂಡು ಏರಿಗೆಲ್ಲ ಕೇಳುವ ಹಾಗೆ ಅರಚಿದ: "ಭಾವಾ, ಮೀಸೆ ಬ್ಯಾಡ! ಪಂಥ ಬ್ಯಾಡ! ನನ್ನ ದಡ ಸೇರ್ಸಿ ಸಾಕು!"

ದೋಣಿ ಮುಳುಗಿ ತಳ ಮುಟ್ಟಿ ನಿಂತಿತು. ಕೂತಿದ್ದ ಇಬ್ಬರಿಗೂ ನೀರು ಎದೆಮಟ್ಟ. ಸೀಟಿ ನಿಂತಿರಲಿಲ್ಲ. ಬೀರಲಿಂಗಯ್ಯ ಬೀಡಿ ಬಾಯಿಂದ ತೆಗೆದು ಕೂಗಿದ: "ಎದ್ ನಿಂತ್ಕಳಿ ಗೌಡ್ರೇ! ತೊಡೆಯುದ್ದ ನೀರು!"

ಎದ್ದು ನಿಂತರು. ಆಮೇಲಿನ ನಗುವನ್ನು ವರ್ಣಿಸುವ ಅಗತ್ಯವಿಲ್ಲ. ಇಬ್ಬರೂ ಕೆಸರು ತುಳಿದು ದಡಕ್ಕೆ ಬಂದರು. ಮೀನು ಒಂದೂ ಇಲ್ಲ.

ದಡದ ಮೇಲಿನ ತೀರ್ಮಾನ ಗೌಡರ ಪರವಾಗಿಯೇ ಇತ್ತು. ಪಂಥ ಬೇಡವೆಂದು ರುದ್ರೇಶ ತಾನೇ ಕೂಗಿದ್ದನ್ನು ಎಲ್ಲರೂ ಕೇಳಿದ್ದರು. ಅವನೂ ತಲೆ ಒರೆಸಿಕೊಳ್ಳುತ್ತ, "ಬಿಡಿ ಭಾವ, ಮುಗೀತು" ಎಂದ. ಗೌಡರು ದೊಡ್ಡ ಗಂಟಲಿನಲ್ಲಿ ಏನೋ ಒಂದು ನೆವ ಹೇಳಿ ಮೀಸೆ ತಿರುವುತ್ತಾರೆಂದು ನಾವು ಕಾದೆವು. ಅವರು ನೇರ ಹೋಗಿ ರುದ್ರೇಶನ ಕಾರು ಹತ್ತಿದರು. ಹೊಳೆನರಸೀಪುರಕ್ಕೆ ಬಂದು, ಬಸ್ ಸ್ಟ್ಯಾಂಡಿನ ಮುಂದೆ ಇಳಿದು, ಒದ್ದೆ ಪಂಚೆಯಲ್ಲೇ ಎದುರಿನ ಕಟಿಂಗ್ ಶಾಪಿನ ಕುರ್ಚಿ ಹತ್ತಿ ಕೂತರು.

ನಮ್ಮ ಕಡೆ ಗಂಡಸು ಮೀಸೆ ಬೋಳಿಸುವುದು ತಂದೆಯೋ ತಾಯಿಯೋ ತೀರಾ ಹತ್ತಿರದವರೋ ತೀರಿಕೊಂಡಾಗ. ಗೌಡರು ಅಂಗಡಿಯಿಂದ ಮನೆಯ ತನಕ ನಡೆದು ಬಂದಷ್ಟು ದೂರಕ್ಕೂ ಜನ ಎದುರು ಸಿಕ್ಕು ಮುಖ ಸಣ್ಣದು ಮಾಡಿ ಕೇಳಿದರು: "ಯಾರು ಗೌಡ್ರೇ ಓಗಿದ್ದು? ಹಬ್ಬದ ದಿನ?" ಎಲ್ಲರಿಗೂ ಒಂದೇ ಉತ್ತರ ಕೊಟ್ಟರು.

"ಯಾರೂ ಸತ್ತಿಲ್ಲ. ಮೀನೂ ಸತ್ತಿಲ್ಲ."

ಮನೆಯಲ್ಲಿ ಪುಟ್ಟತಾಯಮ್ಮ ಬಾಗಿಲಲ್ಲೇ ಸೌಟು ಹಿಡಿದು ನಿಂತುಬಿಟ್ಟರು. ಗೌಡರ ತಂದೆ ತಾಯಿ ಮದುವೆಗೆ ಮೊದಲೇ ತೀರಿದ್ದರಿಂದ, ಗಂಡನ ಮೇಲ್ದುಟಿಯನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು. "ಈ ಮುಖ ಆವತ್ತೇ ತೋರ್ಸಿದ್ರೆ ನಮ್ಮಪ್ಪ ಹೆಣ್ಣು ಕೊಡ್ತಿರ್ಲಿಲ್ಲ ಕಣ್ರೀ" ಎಂದು ನಗಲು ಹೋದರು. ನಗು ಅರ್ಧಕ್ಕೆ ನಿಂತಿತು. ಒಳಗೆ ಹೋಗಿ ಒಣಗಿದ ಟವೆಲು ತಂದರು.

ಗೌಡರು ಕಾಗದದ ಪೊಟ್ಟಣವನ್ನು ರುದ್ರೇಶನ ಅಂಗೈಯಲ್ಲಿಟ್ಟರು.

"ಭಾವ, ನಾನು ತಮಾಷೆಗೆ ಅಂದೆ ಕಣ್ರೀ."

"ನಾನು ತಮಾಷೆಗೆ ಅಂದಿರ್ಲಿಲ್ಲ ಕಣ್ಲಾ."

ರುದ್ರೇಶ ಪೊಟ್ಟಣವನ್ನು ಜೇಬಿಗಿಟ್ಟ, ಮತ್ತೆ ತೆಗೆದ, ಮತ್ತೆ ಇಟ್ಟ. ಆವತ್ತು ಡಿಕ್ಕಿಯ ಮೀನೇ ಸಾರಾಯಿತು. ಅವನೇ ಬಗ್ಗಿ ಭಾವನ ಎಲೆಗೆ ಬಡಿಸಿದ, ಮುಳ್ಳಿನ ಮಾತೆತ್ತಲಿಲ್ಲ. ನೋಡಲು ಬಂದ ನಮ್ಮನ್ನೂ ಗೌಡರು ಕೈ ಹಿಡಿದು ಪಂಕ್ತಿಗೆ ಕೂರಿಸಿದರು. ಸೀಟಿ ಊದಿಯೇ ಕೂರಿಸಿದರು. ಮೀಸೆ ಹೋಗಿತ್ತೇ ಹೊರತು ಗಂಟಲು ಹೋಗಿರಲಿಲ್ಲ.

ಹಂಸದ ಕತ್ತು ಈಗಲೂ ತುಳಸಿಕಟ್ಟೆಯ ಪಕ್ಕದಲ್ಲಿದೆ, ಪರೀಕ್ಷೆ ಕಾಲದಲ್ಲಿ ಬಿಡುವಿಲ್ಲ. ಒಡಲು ಕೆರೆಯ ದಂಡೆಯಲ್ಲಿ, ಒಣನೆಲದ ಮೇಲಿದೆ. ಭಾನುವಾರ ಗೌಡರು ಅದರೊಳಗೆ ಕೂತು, ನೆರಳಿನಲ್ಲಿ, ನೀರಿಗೆ ಗಾಳ ಬಿಡುತ್ತಾರೆ. ದೋಣಿ ತೇಲುವ ಅಗತ್ಯ ಅವರಿಗೆ ಈಗ ಕಾಣುವುದಿಲ್ಲ. ತೂತು ಮುಚ್ಚುವ ಅಂಟನ್ನು ಇನ್ನೂ ಕೊಂಡಿಲ್ಲ.

ಅವರನ್ನು ಕುರಿತ ಈ ಮಾತುಗಳನ್ನು ನನ್ನ ಅಂಗಡಿಯ ಗಲ್ಲಾ ಮುಂದೆ ಕೂತು ಎಷ್ಟೋ ಗಿರಾಕಿಗಳಿಗೆ ಹೇಳಿದ್ದೇನೆ, ಕೇಳಿದವರು ಯಾರೂ ಏನೂ ಕೊಳ್ಳದೆ ಬರಿಗೈಯಲ್ಲಿ ಹೋಗಿಲ್ಲ. ಅಣ್ಣೇಗೌಡರಿಗೆ ನಾನು ಒಂದು ಹೊತ್ತಿನ ಮೀನೂಟವನ್ನೂ ಒಂದು ವರ್ಷದ ನಗುವನ್ನೂ ಬಾಕಿ ಕೊಡಬೇಕಾಗಿದೆ.